ಅಕ್ಕಿ ಮೂಟೆಯ ಸ್ಪೋರ್ಟ್ಸ್ ಕಾರು

ಚಳಿಗಾಲ ಶುರುವಾಯಿತೆಂದರೆ ಪಕ್ಕದ ಮನೆ ಅಂಕಲ್ ಅವರ ಎಡಗೈ ಹೆಬ್ಬೆರಳಿನ ಉಗುರು ಕಪ್ಪಾಗುತ್ತಿತ್ತು. ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ ಕಬ್ಬಿಣದ ಚೈನನ್ನು ಅವರು ಬರಿಗೈಯಲ್ಲೇ ಬಿಗಿಯುತ್ತಿದ್ದರು. ಗ್ಲೌಸ್ ಹಾಕಿಕೊಳ್ಳಿ ಎಂದರೆ, "ಗ್ಲೌಸ್ ಹಾಕಿದ್ರೆ ಕೊಂಡಿ ಕೂತದ್ದು ಕೈಗೆ ಗೊತ್ತಾಗುದಿಲ್ಲ ಮಾರಾಯ್ತಿ" ಎನ್ನುವರು. ಬೇಸಿಗೆಯಲ್ಲಿ ಬಂದ ಹೊಸ ಉಗುರು, ಇಲ್ಲಿಯ ಚಳಿಗಾಲ ಶುರುವಾಗುವ ಜೂನ್‌ನಲ್ಲಿ ಮತ್ತೆ ಜಜ್ಜಿಸಿಕೊಳ್ಳುತ್ತಿತ್ತು.

ಮೆಲ್ಬರ್ನಿನ ಹೊರವಲಯದ ವಿಂಡಮ್ ವೇಲ್‌ನ ನಮ್ಮ ಬೀದಿಯಲ್ಲಿ ಎಲ್ಲರ ಮನೆ ಮುಂದೆಯೂ ಒಂದೇ ನಮೂನೆಯ ಬಿಳಿ, ಬೂದು ಕಾರುಗಳು. ಮಾರ್ಟ್‌ಗೇಜ್ ಕಟ್ಟುವವರಿಗೆ ಬೇರೆ ಬಣ್ಣ ಹೊಳೆಯುವುದಿಲ್ಲವೇನೋ. ಅಂಕಲ್ ಅವರದು ಮಾತ್ರ ಕೆಂಪು, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂಥ ಸ್ಪೋರ್ಟ್ಸ್ ಕಾರು. ಉಡುಪಿ ಕಡೆಯವರು, ಸೇತುವೆ ಕಟ್ಟುವ ಎಂಜಿನಿಯರ್ ಆಗಿ ರಿಟೈರ್ ಆದವರು, ಚಳಿಗಾಲದ ಶನಿವಾರಗಳಲ್ಲಿ ಅದನ್ನು ಹಿಮದ ಬೆಟ್ಟ ಹತ್ತಿಸುತ್ತಿದ್ದರು. ಸ್ಕೀ ಆಡಲಿಕ್ಕಲ್ಲ. ಮೇಲೆ ಹೋಗಿ, ಫ್ಲಾಸ್ಕಿನ ಕಾಫಿ ಕುಡಿದು, ಇಳಿದು ಬರುವುದು. ಇಷ್ಟಕ್ಕೆ ಇಡೀ ದಿನ! ನನಗಂತೂ ತಲೆಬುಡ ಅರ್ಥವಾಗುತ್ತಿರಲಿಲ್ಲ.

ನಮ್ಮಂಥವರ ಕಾರನ್ನು ಮುಂದಿನ ಚಕ್ರ ಎಳೆಯುತ್ತದೆ. ಅವರದನ್ನು ಹಿಂದಿನ ಚಕ್ರ ತಳ್ಳುತ್ತದೆ. ಹಿಂಭಾಗ ಹಗುರವಾದರೆ ಹಿಮದಲ್ಲಿ ಅಂಥ ಕಾರು ಮಾತು ಕೇಳುವುದಿಲ್ಲ. ಅದಕ್ಕೆಂದೇ ಅಂಕಲ್ ಡಿಕ್ಕಿಯಲ್ಲಿ ಎರಡು ಮೂಟೆ ಕುಚ್ಚಲಕ್ಕಿ ಇಡುತ್ತಿದ್ದರು. ಆಂಟಿ ಅನ್ನಕ್ಕಿಡಬೇಕಾದರೆ ಪಾತ್ರೆ ಹಿಡಿದು ಗ್ಯಾರೇಜಿಗೆ ಹೋಗಬೇಕು. "ಎರಡೂ ಮೂಟೆಯಿಂದ ಸಮ ಸಮ ತೆಗಿ, ಬ್ಯಾಲೆನ್ಸ್ ತಪ್ಪುತ್ತದೆ" ಎಂದು ಇವರು ಒಳಗಿನಿಂದ ಕೂಗುವುದು. "ಹಾಗಾದ್ರೆ ಇವತ್ತು ಬ್ಯಾಲೆನ್ಸನ್ನೇ ಉಣ್ಣಿ" ಎಂದು ಆಂಟಿ. ಹಿಮ ಕರಗುವ ಹೊತ್ತಿಗೆ ಅಕ್ಕಿಯೂ ಮುಗಿದಿರುತ್ತಿತ್ತು.

ನನಗೆ ಡ್ರೈವಿಂಗ್ ಕಲಿಸಿದ್ದು ಅವರೇ. ಅದಕ್ಕೆ ಮೊದಲು ನನ್ನ ಗಂಡ ಕಲಿಸಲು ಹೋಗಿ ಮನೆಯಲ್ಲಿ ಮಾತುಕತೆಯೇ ನಿಂತುಹೋಗಿತ್ತು. ಅಂಕಲ್ ಒಮ್ಮೆಯೂ ದನಿ ಏರಿಸಲಿಲ್ಲ. ರೌಂಡಬೌಟಿನ ನಡುವೆ ಎಂಜಿನ್ ನಿಂತು ಹಿಂದಿನವರೆಲ್ಲ ಹಾರ್ನ್ ಹೊಡೆಯುವಾಗಲೂ, "ಬೊಬ್ಬೆ ಅವರದು, ಗಾಡಿ ನಿನ್ನದು. ಮೊದಲು ಉಸಿರು ಬಿಡು" ಎಂದಿದ್ದರು. ನಾನು ಕೆಲಸಕ್ಕೆ ಸೇರಿದ್ದು, ಮಗುವನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಒಯ್ದದ್ದು ಎಲ್ಲ ಆ ಒಂದು ಮಾತಿನ ಬಲದಿಂದ.

ಹೋದ ವರ್ಷ ಆಗಸ್ಟ್‌ನಲ್ಲಿ ಆಂಟಿ ಬೇಲಿಯ ಹತ್ತಿರ ಕರೆದರು. "ಈ ಶನಿವಾರ ಅವರೊಟ್ಟಿಗೆ ನೀನೂ ಹೋಗ್ತೀಯಾ? ಮೊನ್ನೆ ಹಾಲಿಗೆ ಹೋದವರು ಎಲ್ಲೆಲ್ಲೋ ತಿರುಗಿ ಕತ್ತಲಾದ ಮೇಲೆ ಬಂದ್ರು. ಹಾಲೂ ಇಲ್ಲ. ಸಿಡ್ನಿಯ ಮಗಳಿಗೆ ಗೊತ್ತಾದ್ರೆ ಕೀ ಕಿತ್ಕೊಳ್ತಾಳೆ. ಕಾರ್ ಇಲ್ಲದಿದ್ರೆ ಇವರು ಮನುಷ್ಯ ಆಗಿ ಉಳೀಲಿಕ್ಕಿಲ್ಲ."

ಹೋದೆ. ದಾರಿಯುದ್ದಕ್ಕೂ ಅಂಕಲ್ ಎಂದಿನಂತೆಯೇ ಇದ್ದರು. ಆಂಟಿಗೆ ಸುಮ್ಮನೆ ಗಾಬರಿ ಅಂದುಕೊಂಡೆ. ಬೆಟ್ಟದ ಬುಡದಲ್ಲಿ ಚೈನ್ ಹಾಕಿ ಎಂಬ ಬೋರ್ಡ್ ಕಂಡು ಪಕ್ಕಕ್ಕೆ ನಿಲ್ಲಿಸಿ ಇಳಿದರು. ಹಿಮದಲ್ಲಿ ಮೊಣಕಾಲೂರಿ ಚೈನ್ ಬಿಗಿದರು. ಮುಂದಿನ ಎರಡು ಚಕ್ರಕ್ಕೆ.

"ಅಂಕಲ್, ಹಿಂದಿನದಕ್ಕಲ್ವಾ?" ಎಂದೆ.

"ನನಗೆ ಕಲಿಸ್ತೀಯಾ?" ಎಂದು ಗದರಿದರು. ಅವರು ನನ್ನನ್ನು ಗದರಿದ್ದು ಅದೇ ಮೊದಲು. ಎಷ್ಟು ಜನಕ್ಕೆ ಪಾಠ ಹೇಳಿದವರು, ನನ್ನದೇ ತಪ್ಪಿರಬೇಕು ಎನ್ನಿಸಿತು.

ಎರಡನೆಯ ತಿರುವಿನಲ್ಲಿ ಕಾರಿನ ಹಿಂಭಾಗ ಒಮ್ಮೆಲೇ ಕಣಿವೆಯ ಕಡೆ ಜಾರಿತು. ಕಾರು ರಸ್ತೆಗೆ ಅಡ್ಡವಾಗಿ ನಿಂತಾಗ ಹಿಂದಿನ ಗಾಜಿನಲ್ಲಿ ಮರಗಳ ತುದಿ ಮಾತ್ರ ಕಾಣುತ್ತಿತ್ತು. ಅಂಕಲ್ ನಿಧಾನ ಇಳಿದರು. ಮುಂದಿನ ಚಕ್ರ ನೋಡಿದರು. ಹಿಂದಿನದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿ ಕೇಳಿದರು, "ಇದನ್ನು ಇಲ್ಲಿ ಹಾಕಿದ್ದು ಯಾರು?"

ಅವರ ಮುಖದಲ್ಲಿ ನಾಟಕವಿರಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ. ಆ ಮುಖ ನೋಡಿ ನನ್ನ ಬಾಯಿಂದ ಬಂದದ್ದು, "ನಾನು, ಅಂಕಲ್."

"ಎಂತ ಮಾರಾಯ್ತಿ! ತಳ್ಳುವ ಕಾಲು ಹಿಂದೆ ಉಂಟಲ್ಲ!" ಎಂದು ಬೈಯುತ್ತ ಚೈನ್ ಬಿಚ್ಚಿ ಹಿಂದಕ್ಕೆ ಹಾಕಿದರು. ಸ್ಟಿಯರಿಂಗ್ ನನಗೆ ಕೊಡಿ ಎಂದೆ, ಕೊಡಲಿಲ್ಲ. ಕೂದಲೆಳೆಯಷ್ಟೂ ಜಾರದಂತೆ ಇಳಿಸಿಕೊಂಡು ಬಂದರು. ಅದು ಇನ್ನೂ ಹೆದರಿಕೆ ಹುಟ್ಟಿಸಿತು. ಇಷ್ಟು ಚೆನ್ನಾಗಿ ಓಡಿಸುವವರಿಗೆ ಸಾಕು ಎಂದು ಹೇಳುವುದು ಹೇಗೆ?

ಗೇಟಿನಲ್ಲಿ ಆಂಟಿ ಕಾಯುತ್ತಿದ್ದರು. "ಫಸ್ಟ್ ಕ್ಲಾಸ್! ಎಂತ ತೊಂದರೆಯೂ ಆಗಲಿಲ್ಲ" ಎಂದು ಅಂಕಲ್ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನನ್ನ ಮಾನ ಉಳಿಸುತ್ತಿದ್ದರು! ಅವರು ಒಳಗೆ ಹೋಗುವ ತನಕ ಕಾದು ನಾನು ಆಂಟಿಗೆ ಎಲ್ಲ ಹೇಳಿದೆ. ಹೇಳುತ್ತ ಅತ್ತೆ. ಆಂಟಿ ಅಳಲಿಲ್ಲ. ಅಲ್ಲೇ ನಿಂತು ಮಗಳಿಗೆ ಫೋನ್ ಮಾಡಿದರು.

ಆಮೇಲೆ ಡಾಕ್ಟರು, ಪರೀಕ್ಷೆಗಳು. ಲೈಸೆನ್ಸ್ ಹೋಯಿತು, ಕಾರೂ ಹೋಯಿತು. ಕೊಂಡುಕೊಂಡವನಿಗೆ ಅಂಕಲ್ ಅಕ್ಕಿ ಮೂಟೆಯ ವಿಷಯ ವಿವರಿಸುತ್ತಲೇ ಇದ್ದರು. ಅವನು ನಗುತ್ತ ಯೆಸ್ ಮೇಟ್ ಎನ್ನುತ್ತಲೇ ಹೋದ. ತಿಂಗಳೊಳಗೆ ಇಬ್ಬರನ್ನೂ ಮಗಳು ಸಿಡ್ನಿಯ ಕೆಲ್ಲಿವಿಲ್‌ಗೆ ಕರೆದುಕೊಂಡು ಹೋದಳು. ನಾನು ಮಾಡಿದ್ದು ಸರಿಯೇ. ಆದರೂ ಪಕ್ಕದ ಖಾಲಿ ಡ್ರೈವ್‌ವೇ ಕಂಡಾಗಲೆಲ್ಲ ನನಗೆ ಊಟ ಸೇರುತ್ತಿರಲಿಲ್ಲ.

ಈ ಜುಲೈನಲ್ಲಿ ಸಿಡ್ನಿಗೆ ಹೋಗಿ ಅಂಕಲ್ ಅವರನ್ನು ನೋಡಿದೆ. ಬಹಳ ಇಳಿದುಹೋಗಿದ್ದರು. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಮೆಲ್ಬರ್ನಿನಿಂದ ಬಂದೆ ಎಂದಾಗ ಮಾತ್ರ ಕಣ್ಣರಳಿಸಿದರು.

"ಅಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಂದು ಹುಡುಗಿ ಉಂಟು. ನಾನೇ ಡ್ರೈವಿಂಗ್ ಕಲಿಸಿದ್ದು. ಒಳ್ಳೆ ಕೈ ಅವಳದ್ದು. ಒಮ್ಮೆ ಮಾತ್ರ ಚೈನ್ ಮುಂದಿನ ಚಕ್ರಕ್ಕೆ ಹಾಕಿಬಿಟ್ಟಳು."

ಅಡುಗೆಮನೆಯಲ್ಲಿದ್ದ ಮಗಳ ಕಡೆ ಒಮ್ಮೆ ನೋಡಿ, ನನ್ನ ಹತ್ತಿರಕ್ಕೆ ಬಾಗಿ ದನಿ ತಗ್ಗಿಸಿದರು. "ನೀವು ಯಾರಿಗೂ ಹೇಳಬೇಡಿ ಆಯ್ತಾ? ಗೊತ್ತಾದ್ರೆ ಪಾಪ, ಅವಳ ಕೀ ಕಿತ್ಕೊಳ್ತಾರೆ."

"ಹೇಳೋದಿಲ್ಲ ಅಂಕಲ್" ಎಂದೆ.