ಒಳಗೆ ಯಾರಿದ್ದಾರೆಂದು ನೋಡುತ್ತಿದ್ದ ಭಾಗ್ಯ

ಕೊಪ್ಪ ತಾಲ್ಲೂಕಿನ ನಾರ್ವೆ ಎಂಬ ಊರಿನ ಭಾಗ್ಯ ಮಾರ್ಚ್ ಇಪ್ಪತ್ತೆರಡರ ಶನಿವಾರ ಬೆಳಿಗ್ಗೆ ಏಳೂಕಾಲಿಗೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮಂಗನ ಕಾಯಿಲೆ. ಅವಳಿಗೆ ಮೂವತ್ತನಾಲ್ಕು ವರ್ಷ. ಅದೇ ಕಾಯಿಲೆ ಹಿಡಿದಿದ್ದ ತಾಯಿ ಸೀತಕ್ಕ ಬದುಕಿಕೊಂಡರು. ಮಗಳ ಹನ್ನೊಂದನೆಯ ದಿನ ನಿಲ್ಲಲು ಶಕ್ತಿಯಿಲ್ಲದೆ ಗೋಡೆಗೆ ಒರಗಿ ಕೂತು, ಬಂದವರಿಗೆಲ್ಲ "ಊಟ ಮಾಡ್ಕಂಡು ಹೋಗಿ" ಎನ್ನುತ್ತಿದ್ದರು.

ಭಾಗ್ಯಳೂ ನಾನೂ ಕೆಲಸ ಮಾಡುತ್ತಿದ್ದುದು ಕೊಪ್ಪದ ಹತ್ತಿರದ ಬಾಳಗಡಿಯ ಬಾಡಿಗೆ ಕಟ್ಟಡದಲ್ಲಿದ್ದ ಆರೋಗ್ಯ ಇಲಾಖೆಯ ಒಂದು ಚಿಕ್ಕ ಕಚೇರಿಯಲ್ಲಿ. ಬಿಸಿಲು ಏರಿ ಮಂಗನ ಕಾಯಿಲೆ ಶುರುವಾದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದ ಪರೀಕ್ಷೆಗೆ ಹೋದ ರಕ್ತದ ವರದಿಗಳು ಅಲ್ಲಿಗೆ ಬರುತ್ತಿದ್ದವು. ಅವನ್ನು ಊರಿನ ಪ್ರಕಾರ ಒಂದೇ ಫೈಲಿಗೆ ಏರಿಸುವುದು ಭಾಗ್ಯಳ ಕೆಲಸ. ಸಂಜೆ ನಾಲ್ಕಕ್ಕೆ ಆ ಫೈಲಿನಿಂದ ಪಟ್ಟಿ ತೆಗೆದು ಆಯಾ ಊರಿನ ಆಶಾ ಕಾರ್ಯಕರ್ತೆಯರಿಗೆ ಕಳಿಸುವುದು ನನ್ನದು. ಕಾಯಿಲೆ ಇದೆ ಎಂದು ಬಂದವರನ್ನು ಅವರು ಅವತ್ತೇ ಆಸ್ಪತ್ರೆಗೆ ಹೊರಡಿಸಬೇಕು. ಈ ಕಾಯಿಲೆಗೆ ಇಂಥದೇ ಎಂಬ ಔಷಧಿಯಿಲ್ಲ. ಬೇಗ ಸೇರಿಸಿ ನೋಡಿಕೊಂಡರೆ ಹೆಚ್ಚಿನವರು ಉಳಿಯುತ್ತಾರೆ.

ಭಾಗ್ಯ ಹುಟ್ಟಿದ್ದು ಕೂಲಿ ಮಾಡುವ ಮನೆಯಲ್ಲಿ. ಪಿಯುಸಿ ಆದಮೇಲೆ ಜಯಪುರದ ಜೆರಾಕ್ಸ್ ಅಂಗಡಿಯಲ್ಲಿ ಆರು ವರ್ಷ ನಿಂತು ಟೈಪಿಂಗ್ ಕಲಿತಳು. ಆಮೇಲೆ ಗುತ್ತಿಗೆಯ ಮೇಲೆ ಇಲ್ಲಿಗೆ ಬಂದಳು. ವರದಿಯ ಹೆಸರುಗಳನ್ನು ಬಾಯಿಬಿಟ್ಟು ಓದಿಕೊಳ್ಳುತ್ತ ಟೈಪ್ ಮಾಡುವುದು ಅವಳ ಅಭ್ಯಾಸ. ತಲೆನೋವು ಬರುತ್ತದೆ ಎಂದು ನಾನು ರೇಗಿದರೆ, "ಸುಮ್ನೆ ಬರೆದ್ರೆ ಅಕ್ಷರ ಅಷ್ಟೆ ಮಾರಾಯ್ತಿ. ಕೂಗಿದ್ರೆ ಜನ ಅಂತ ಗೊತ್ತಾಗತ್ತೆ" ಎನ್ನುತ್ತಿದ್ದಳು.

ಆ ಫೈಲು ಇದ್ದದ್ದು ನಮ್ಮ ಕಚೇರಿಯ ಡಾಕ್ಟರರ ಕೋಣೆಯ ಕಂಪ್ಯೂಟರಿನಲ್ಲಿ, ಎಲ್ಲರಿಗೂ ತೆರೆದಿಟ್ಟ ಒಂದು ಫೋಲ್ಡರಿನೊಳಗೆ. ನಾವು ಐದು ಜನ ನಮ್ಮ ನಮ್ಮ ಮೇಜಿನಿಂದಲೇ ಅದನ್ನು ತೆರೆಯುತ್ತಿದ್ದೆವು. ಒಬ್ಬರು ತೆರೆದಿಟ್ಟುಕೊಂಡರೆ ಉಳಿದವರು ನೋಡಬಹುದು, ಬರೆಯಲಾಗದು. ಫೈಲ್ ಬೇರೆಯವರ ಬಳಿ ಇದೆ ಎಂದು ಪರದೆ ಹೇಳುತ್ತಿತ್ತು. ಯಾರ ಬಳಿ ಎಂದು ಹೇಳುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಹಾಗೆಯೇ ಆಯಿತು. ಎಲ್ಲರನ್ನೂ ಕೇಳಿದರೆ ಎಲ್ಲರೂ "ನಾನಲ್ಲ" ಎಂದರು. ಭಾಗ್ಯ ಕಾದು ಸಾಕಾಗಿ, ಫೈಲಿನ ನಕಲೊಂದನ್ನು ತನ್ನ ಕಂಪ್ಯೂಟರಿನಲ್ಲಿ ಉಳಿಸಿಕೊಂಡು ಹತ್ತೊಂಬತ್ತು ಹೆಸರು ಅದರಲ್ಲಿ ಬರೆದಳು. ಆಮೇಲೆ ಮೂಲ ಫೈಲಿಗೆ ಸೇರಿಸಿದರಾಯಿತು ಎಂದುಕೊಂಡವಳು ಮರೆತಳು. ನಾನು ಮೂಲ ಫೈಲಿನಿಂದ ಪಟ್ಟಿ ತೆಗೆದು ಕಳಿಸಿದೆ. ಎರಡು ದಿನದ ಮೇಲೆ ಅವಳಿಗೇ ನೆನಪಾಗಿ ಎದ್ದು ನಿಂತಳು. ಆ ಹತ್ತೊಂಬತ್ತರಲ್ಲಿ ಕಾಯಿಲೆ ಇದ್ದದ್ದು ಒಬ್ಬರಿಗೆ, ಜಯಪುರದ ಕಡೆ ತೋಟದ ಕೆಲಸಕ್ಕೆ ಹೋಗುತ್ತಿದ್ದ ಬೂತಪ್ಪ ಎಂಬವರಿಗೆ. ಆಶಾ ಕಾರ್ಯಕರ್ತೆ ಬೂತಪ್ಪನವರ ಮನೆ ಮುಟ್ಟುವಾಗ ಅವರ ಮೂಗಿನಲ್ಲಿ ರಕ್ತ ಇಳಿಯುತ್ತಿತ್ತು. ಮೂರನೆಯ ದಿನ ಅವರು ತೀರಿಹೋದರು. ಎರಡು ದಿನ ಮೊದಲೇ ಸೇರಿಸಿದ್ದರೆ ಉಳಿಯುತ್ತಿದ್ದರೇ ಎಂದು ಭಾಗ್ಯ ಕೇಳಿದಾಗ, ಹೇಳಲಾಗುವುದಿಲ್ಲ ಎಂದರು ಡಾಕ್ಟರು.

ಕಂಪ್ಯೂಟರ್ ರಿಪೇರಿಯ ಅವಿನಾಶನನ್ನು ಕೊಪ್ಪದಿಂದ ಕರೆಸಿದರು.

"ಅವತ್ತು ಫೈಲ್ ಹಿಡಿದಿದ್ದು ಯಾರು ಅಂತ ಗೊತ್ತಾಗತ್ತಾ?" ಭಾಗ್ಯ ಕೇಳಿದಳು.

"ಈಗ ಯಾರಿದ್ದಾರೆ ಅಂತ ನೋಡ್ಬಹುದು ಅಕ್ಕ. ಅವತ್ತು ಯಾರಿದ್ರು ಅಂತ ಇದು ಇಟ್ಕಳಲ್ಲ."

ಡಾಕ್ಟರರ ಕಂಪ್ಯೂಟರಿನಲ್ಲಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ಎಂಬುದನ್ನು ತೆರೆದು, ಅದರೊಳಗೆ ಶೇರ್ಡ್ ಫೋಲ್ಡರ್ಸ್, ಅದರೊಳಗೆ ಸೆಷನ್ಸ್ ಎಂದು ಒತ್ತಿ ತೋರಿಸಿದ. ಯಾರು ಒಳಗಿದ್ದಾರೆ, ಯಾವ ಕಂಪ್ಯೂಟರಿನಿಂದ, ಎಷ್ಟು ಫೈಲು ತೆರೆದಿದ್ದಾರೆ, ಎಷ್ಟು ಹೊತ್ತಿನಿಂದ ಮುಟ್ಟದೆ ಬಿಟ್ಟಿದ್ದಾರೆ ಎಲ್ಲವೂ ಸಾಲಾಗಿ ಬಂತು. ಭಾಗ್ಯ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು.

ನಕಲು ಅವಳ ಕಂಪ್ಯೂಟರಿನಲ್ಲಿ ಇದ್ದುದರಿಂದ ನೋಟಿಸು ಅವಳಿಗೇ ಬಂತು. ಬೂತಪ್ಪನವರ ಹೆಂಡತಿ ಒಂದು ದಿನ ಕಚೇರಿಗೆ ಬಂದು ಬಾಗಿಲ ಬಳಿಯ ಬೆಂಚಿನಲ್ಲಿ ಕೂತರು. "ನಮ್ಮನೆಯವ್ರ ರಿಪೋರ್ಟು ಮೊದಲೇ ಬಂದಿತ್ತಂತಲ್ಲ?" ಎಂದು ಯಾರನ್ನೂ ನೋಡದೆ ಕೇಳಿದರು. ಭಾಗ್ಯ ಹೋಗಿ ಅವರ ಪಕ್ಕದಲ್ಲಿ ಕೂತಳು. "ಬಂದಿತ್ತು ಅಮ್ಮ. ನನ್ನ ಹತ್ರ ಇತ್ತು." ಆ ಹೆಂಗಸು ಅವಳ ಮುಖ ನೋಡಿ, ಎದ್ದು ಬಸ್ಸಿಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಭಾಗ್ಯ ಎಷ್ಟೋ ಸಲ ಹೇಳಿದ್ದಾಳೆ.

ಅಂದಿನಿಂದ ದಿನಾ ಮೂರು ಗಂಟೆಗೆ ಡಾಕ್ಟರರ ಕೋಣೆಗೆ ಹೋಗಿ ಒಳಗೆ ಯಾರಿದ್ದಾರೆ ಎಂದು ನೋಡುವುದು ಅವಳ ನಿಯಮವಾಯಿತು. ಹೆಚ್ಚಾಗಿ ಇರುತ್ತಿದ್ದವರು ಗುಮಾಸ್ತ ವೀರಪ್ಪನವರು. ಆಮೇಲೆ ಸಿಗುತ್ತದೋ ಇಲ್ಲವೋ ಎಂದು ಬೆಳಿಗ್ಗೆಯೇ ಫೈಲು ತೆರೆದು, ಪರದೆಯ ಕೆಳಗೆ ಇಳಿಸಿಟ್ಟು ಚಹಾಕ್ಕೆ ಹೋಗುತ್ತಿದ್ದರು. ಕೆಳಗಿಳಿಸಿದರೆ ಮುಚ್ಚಿದಂತೆ ಎಂದೇ ಅವರ ತಿಳಿವಳಿಕೆ.

"ವೀರಪ್ಪಣ್ಣ, ಶೃಂಗೇರಿ ಬಸ್ಸಿಗೆ ಕಿಟಕಿಯಿಂದ ಟವೆಲ್ ಹಾಕ್ದಂಗೆ ಹಾಕಿದೀರಲ್ಲ. ತೆಗೀರಿ, ಜನ ನಿಂತಿದಾರೆ."

"ನಿಂದು ಒಳ್ಳೆ ಕಂಡಕ್ಟರ್ ಕಥೆ ಆಯ್ತಲ್ಲ ಮಾರಾಯ್ತಿ" ಎಂದು ಅವರು ಗೊಣಗುತ್ತ ಮುಚ್ಚುತ್ತಿದ್ದರು. ಎರಡು ವರ್ಷದಲ್ಲಿ ಅವಳಿದ್ದ ಒಂದು ದಿನವೂ ಪಟ್ಟಿ ತಡವಾಗಲಿಲ್ಲ. ಭಾಗ್ಯಳ ಹನ್ನೊಂದನೆಯ ದಿನ ಮುಗಿಸಿ ನಾರ್ವೆಯಿಂದ ವಾಪಸ್ ಬರುವಾಗ ವೀರಪ್ಪನವರು ಬಸ್ಸಿನಲ್ಲಿ ನನ್ನ ಪಕ್ಕ ಕೂತು, "ಬೂತಪ್ಪನ ದಿನ ಒಳಗಿದ್ದಿದ್ದು ನಾನೇ ಇರ್ಬೇಕು ಸುಮನಾ. ಅವಳಿಗೂ ಗೊತ್ತಿತ್ತು ಅನ್ಸುತ್ತೆ. ಒಂದು ದಿನಾನೂ ಕೇಳ್ಲಿಲ್ಲ" ಎಂದರು.

ಈ ಮಾರ್ಚ್ ಒಂಬತ್ತರ ಭಾನುವಾರ ಭಾಗ್ಯ ತಾಯಿಯ ಜೊತೆ ಕೊಟ್ಟಿಗೆಗೆ ಹಾಸಲು ತರಗೆಲೆ ತರಲು ಕಾಡಿಗೆ ಹೋಗಿದ್ದಳು. ಉಣುಗು, ಅಂದರೆ ಈ ಕಾಯಿಲೆ ತರುವ ಉಣ್ಣಿ, ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಮನೆಯಲ್ಲಿ ಮುಗಿದಿತ್ತು. ಆ ಎಣ್ಣೆಯ ಬಾಟಲಿಗಳು ನಮ್ಮ ಕಚೇರಿಯ ಮೂಲೆಯಲ್ಲೇ ಪೆಟ್ಟಿಗೆ ಪೆಟ್ಟಿಗೆ ಇದ್ದವು. ಐದು ದಿನಕ್ಕೆ ಜ್ವರ ಬಂತು. ಅವಳು ಯಾರಿಗೂ ಹೇಳಲಿಲ್ಲ. ಮಂಗಳವಾರ ಅವಳ ಕಣ್ಣು ಕೆಂಪಾದುದು ನೋಡಿ ರಜೆ ಹಾಕು ಎಂದು ನಾನು ಹೇಳಿದಾಗ, "ವೀರಪ್ಪಣ್ಣನ ಟವೆಲ್ ತೆಗೆಯೋರು ಯಾರು?" ಎಂದು ನಕ್ಕಳು. ನಾನೂ ನಕ್ಕೆ. ಕೈ ಮುಟ್ಟಿ ನೋಡಲಿಲ್ಲ.

ಬುಧವಾರ ಮಧ್ಯಾಹ್ನ ಅವಳಿಗೆ ಕುರ್ಚಿಯಿಂದ ಏಳಲಾಗಲಿಲ್ಲ. ಅವಳ ತಮ್ಮ ಲೋಕೇಶ ಬಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಷ್ಟರಲ್ಲಿ ಮನೆಯಲ್ಲಿ ಸೀತಕ್ಕನಿಗೂ ಜ್ವರ. ನಾರ್ವೆಯ ಆಶಾ ಕಾರ್ಯಕರ್ತೆ ಮಲ್ಲಿಕಾ ಅವತ್ತೇ ಅವರ ರಕ್ತ ತೆಗೆಸಿ ಕಳಿಸಿದ್ದಳು.

ಗುರುವಾರ ಮೂರು ಗಂಟೆಗೆ ಇಪ್ಪತ್ತೆರಡು ವರದಿ ಬಂದವು. ಏರಿಸಬೇಕಾದವಳು ನಾನು. ಫೈಲು ಬೇರೆಯವರ ಬಳಿ ಇದೆ ಎಂದಿತು ಪರದೆ. ವೀರಪ್ಪನವರು ಆಣೆ ಹಾಕಿ ತಮ್ಮ ಕಂಪ್ಯೂಟರನ್ನೇ ಆರಿಸಿದರು. ಆದರೂ ಅದೇ ಮಾತು. ಅರ್ಧ ಗಂಟೆ ಹೋಯಿತು. ಆಗ ಲೋಕೇಶನ ಫೋನಿನಿಂದ ಭಾಗ್ಯಳ ದನಿ ಬಂತು, ಒಣಗಿದ ದನಿ.

"ಪಟ್ಟಿ ಹೋಯ್ತಾ?"

"ಇಲ್ಲ. ಯಾರೋ ಒಳಗಿದ್ದಾರೆ."

"ಡಾಕ್ಟರ್ ರೂಮಿಗೆ ಹೋಗು. ಕೀಬೋರ್ಡ್ ಕೆಳಗೆ ನನ್ನ ಚೀಟಿ ಇದೆ. ಓದಿ ಓದಿ ಒತ್ತು."

ಒತ್ತುತ್ತ ಹೋದೆ. ಒಂದೇ ಸಾಲು ಬಂತು. ಒಂದು ಫೈಲು ತೆರೆದಿದೆ, ಇಪ್ಪತ್ತೈದು ಗಂಟೆಯಿಂದ ಮುಟ್ಟಿಲ್ಲ.

"ಯಾರು?"

"ನೀನೇ ಭಾಗ್ಯ. ನಿನ್ನೆಯಿಂದ ನಿನ್ನ ಕಂಪ್ಯೂಟರ್ ಯಾರೂ ಆರಿಸಿಲ್ಲ."

"ಥೂ, ನಾನೂ ಟವೆಲ್ ಹಾಕಿ ಬಂದಿದೀನಿ. ಆ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡು. ಕ್ಲೋಸ್ ಸೆಷನ್ ಅಂತ ಬರತ್ತೆ."

"ನೀನು ಬರೆದಿದ್ದು ಉಳಿಸಿದ್ಯಾ?"

"ಉಳಿಸಿದೀನಿ. ಒತ್ತು."

ಒತ್ತಿದೆ. ಸಾಲು ಹೋಯಿತು. ಫೋನು ಇಡು, ಮಲಗು ಎಂದರೆ ಕೇಳಲಿಲ್ಲ. "ಕೂಗಿ ಬರಿ" ಎಂದಳು. ನಾನು ಒಂದೊಂದೇ ಹೆಸರು ಓದುತ್ತ ಟೈಪ್ ಮಾಡಿದೆ. ಹದಿನಾಲ್ಕನೆಯದು ಸೀತಕ್ಕ. ನಾನು ನಿಲ್ಲಿಸಿದೆ.

"ಅಮ್ಮಂಗೆ ಕಾಯಿಲೆ ಇದೆಯಾ?"

"ಇದೆ."

"ಮಲ್ಲಿಕಂಗೆ ಈಗ್ಲೇ ಫೋನ್ ಮಾಡು. ಪಟ್ಟಿ ಆಮೇಲೆ ನೋಡ್ಲಿ. ಅಮ್ಮ ನಾಳೆ ಬರ್ತೀನಿ ಅಂತಾಳೆ, ಕೇಳ್ಬೇಡಿ. ಎಬ್ಬಿಸಿ ಕರ್ಕಂಡು ಹೋಗಿ."

ಇನ್ನೊಂದು ಫೋನಿನಿಂದ ಮಲ್ಲಿಕಾಳಿಗೆ ಹೇಳಿದೆ. ಉಳಿದ ಎಂಟು ಹೆಸರು ಬರೆದೆ. ಪಟ್ಟಿ ಹೋದಾಗ ನಾಲ್ಕು ಗಂಟೆ ಎಂಟು ನಿಮಿಷ. ಅವಳು ಇನ್ನೂ ಫೋನಿನಲ್ಲಿ ಇದ್ದಳು.

"ಫೈಲ್ ಮುಚ್ಚಿದ್ಯಾ?"

"ಮುಚ್ಚಿದೆ."

"ಹೋಗಿ ನೋಡಿ ಬಾ."

ಹೋಗಿ ನೋಡಿದೆ. ಒಳಗೆ ಯಾರೂ ಇರಲಿಲ್ಲ. ಬಂದು ಹೇಳಿದೆ. "ಸರಿ" ಎಂದು ಅವಳೇ ಫೋನ್ ಇಟ್ಟಳು.