ಬೇಲಿ ಇಲ್ಲದ ಭಾಷೆ

ಕರೆಂಟು ಹೋಗಬಹುದಿತ್ತು. ಕರೆಂಟಿದ್ದರೂ ಜನರೇಟರಿನವನು ಅಭ್ಯಾಸಬಲದಿಂದ ಜನರೇಟರು ಹಾಕಿ ನನ್ನ ಕಂಪ್ಯೂಟರುಗಳನ್ನು ಸುಟ್ಟುಬಿಡಬಹುದಿತ್ತು. ಬಸಣ್ಣನವರು ಬರುವ ಹಾದಿಯಲ್ಲಿ ಅದಿರಿನ ಲಾರಿಗಳು ಒಂದರ ಹಿಂದೊಂದು ನಿಂತು, ಅವರು ಸಿಟ್ಟಿನಲ್ಲೇ ಬರಬಹುದಿತ್ತು. ಬಂದವರು ಕೂತ ಕುರ್ಚಿ ಮುರಿಯಬಹುದಿತ್ತು. ನಾನು ತೋರಿಸಲಿದ್ದ ಕಂಪ್ಯೂಟರ್ ಭಾಷೆ ಪೈಥಾನ್ ಎಂದರೆ ಹೆಬ್ಬಾವು ಎಂದು ಯಾರಾದರೂ ಮೊದಲೇ ಅವರ ಕಿವಿಗೆ ಹಾಕಿರಬಹುದಿತ್ತು. ಇಷ್ಟನ್ನೂ ನಾನು ಆ ಬೆಳಿಗ್ಗೆ ಹಲ್ಲುಜ್ಜುವುದರೊಳಗೆ ಯೋಚಿಸಿ ಮುಗಿಸಿದ್ದೆ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನನ್ನದೊಂದು ಕಂಪ್ಯೂಟರ್ ಕ್ಲಾಸು. ಗಣಿಯ ಹುರುಪಿನಲ್ಲಿ ಊರಿಗೆಲ್ಲ ಹೊಸ ಬೈಕುಗಳು ಬಂದಿದ್ದವು. ನನ್ನ ಕ್ಲಾಸಿಗೆ ಮಾತ್ರ ಯಾರೂ ಬರುತ್ತಿರಲಿಲ್ಲ. ಯಶವಂತನಗರದ ಲಾರಿ ಮಾಲೀಕರಾದ ಬಸಣ್ಣ ತಮ್ಮ ಆಫೀಸಿನವರನ್ನು ಕಲಿಯಲು ಕಳಿಸಿದರೆ ಕ್ಲಾಸು ಉಳಿಯುತ್ತಿತ್ತು, ಇಲ್ಲದಿದ್ದರೆ ಬೀಗ. ಹಿಂದೊಮ್ಮೆ ಅವರಿಗೆ ಸಿ ಎಂಬ ಇನ್ನೊಂದು ಕಂಪ್ಯೂಟರ್ ಭಾಷೆಯ ಪ್ರೋಗ್ರಾಮು ತೋರಿಸಿದ್ದೆ. "ಇದೇನ್ರಿ ಮಾಸ್ತರ, ಬರೇ ಜಾಲಿ ಬೇಲಿನೇ ಕಾಣ್ತೈತಿ. ಒಳಗ ಹೊಲ ಎಲ್ಲೈತ್ರಿ?" ಎಂದು ಎದ್ದು ಹೋಗಿದ್ದರು.

ಮಾತು ಸುಳ್ಳಲ್ಲ. ಸಿಯಲ್ಲಿ ಪ್ರತಿ ವಾಕ್ಯವೂ ಸೆಮಿಕೋಲನ್ ಎಂಬ ಚೆಕ್‌ಪೋಸ್ಟಿನಲ್ಲಿ ನಿಂತೇ ಮುಂದೆ ಹೋಗಬೇಕು. ಸಾಲದ್ದಕ್ಕೆ ಹೆಜ್ಜೆಗೊಂದು ಡೊಂಕು ಕಂಸದ ಗೇಟು. ಕೋಬಾಲ್ ಎಂಬ ಹಳೆಯ ಭಾಷೆಯದು ಇನ್ನೊಂದು ತೆರ: ಎರಡು ಅಂಕಿ ಕೂಡಿಸುವುದಕ್ಕೂ ತಹಸೀಲ್ದಾರರಿಗೆ ಅರ್ಜಿ ಬರೆದಷ್ಟು ವಿನಯ. ಪೈಥಾನಿನಲ್ಲಿ ಒಳಗಿನ ಸಾಲನ್ನು ತುಸು ಬಲಕ್ಕೆ ಸರಿಸಿ ಬರೆದರೆ ಸಾಕು, ಅದು ಮೇಲಿನ ಸಾಲಿಗೆ ಸೇರಿದ್ದೆಂದು ಕಂಪ್ಯೂಟರಿಗೂ ತಿಳಿಯುತ್ತದೆ, ಓದುವವನಿಗೂ. ಹಂಪಿಯ ಸಾಲುಮಂಟಪದಲ್ಲಿ ಕಂಬಗಳ ನಡುವಿನ ಖಾಲಿ ಜಾಗವೇ ನಮಗೆ ದಾರಿಯಾಗುತ್ತದಲ್ಲ, ಹಾಗೆ.

ಹಾಗಾದರೆ ಜನ ಸಿಯ ಹಿಂದೆಯೇ ಯಾಕೆ ಬಿದ್ದಿದ್ದರು? ಸಂಜೆ ಮಿರ್ಚಿ ಬಂಡಿಗಳ ಹತ್ತಿರ ನಿಂತು ನೋಡಿ. ರುಚಿ ನೋಡಿ ಬಂಡಿ ಆರಿಸುವವರು ಕಡಿಮೆ, ಗುಂಪು ನೋಡಿ ಆರಿಸುವವರೇ ಹೆಚ್ಚು. ಮೇಲಾಗಿ, ಒದ್ದಾಡಿ ಕಲಿತ ನನ್ನಂಥವರಿಗೆ ಇನ್ನೊಬ್ಬರು ಸಲೀಸಾಗಿ ಕಲಿತರೆ ಹೊಟ್ಟೆಯುರಿ. ಪೈಥಾನ್ ಮೊದಲ ಸಲ ಕಂಡಾಗ ನಾನೂ ಮೂಗು ಮುರಿದವನೇ. ಅಷ್ಟು ಬೇಗ ಅರ್ಥವಾಗಿದ್ದು ನನ್ನ ಓದಿಗೇ ಅವಮಾನವೆನಿಸಿತ್ತು.

ನನ್ನ ಚಡಪಡಿಕೆ ನೋಡಲಾರದೆ ಹೆಂಡತಿ ಗಿರಿಜಾ, "ಭಾಳ ಚಿಂತಿ ಮಾಡಬ್ಯಾಡ್ರಿ. ಒಂದು ಕಾಯಿ ಒಡದು ಸುರು ಮಾಡ್ರಿ" ಎಂದಳು. ಗುಡಿಯಲ್ಲಿ ಒಡೆಯಿರಿ ಎಂದು ಅವಳ ಅರ್ಥ. ಆಯುಧಪೂಜೆಗೆ ಲಾರಿಯ ಮುಂದೆಯೇ ಕಾಯಿ ಒಡೆಯುವ ಊರಿನವನು ನಾನು. ಕಂಪ್ಯೂಟರಿಗೆ ವಿಭೂತಿ ಹಚ್ಚಿ, ಅದರ ಮುಂದೆಯೇ ಒಡೆದೆ.

ಬಸಣ್ಣ ನಗುತ್ತಲೇ ಬಂದರು. ಕರೆಂಟು ಇತ್ತು. ಕುರ್ಚಿ ತಡೆಯಿತು. ಇನ್ನೂ ವಾಪಸ್ ಬಾರದ ಲಾರಿಗಳ ನಂಬರು ಹೇಳುವ ಪ್ರೋಗ್ರಾಮಿನ ಎರಡು ಸಾಲು ಬರೆದೆ. ಮೂರನೆಯದನ್ನು ಒಳಗೆ ಸರಿಸಲು ಸ್ಪೇಸ್ ಬಾರ್ ಒತ್ತಿದೆ. ಒತ್ತಿದ್ದು ಮೇಲೇಳಲಿಲ್ಲ. ಪರದೆಯ ಮೇಲೆ ಮಿನುಗುವ ಕರ್ಸರಿನ ಗೆರೆ ಬಲಕ್ಕೆ ಹೊರಟಿದ್ದು ನಿಲ್ಲಲೇ ಇಲ್ಲ.

"ಎಲ್ಲಿಗೆ ಹೊಂಟೈತ್ರಿ ಅದು, ಕಂಪ್ಲಿಗೇನು?" ಎಂದರು ಬಸಣ್ಣ.

"ಇಲ್ರಿ, ಅದು... ಖಾಲಿ ಜಾಗ," ಎಂದೆ. ಕ್ಲಾಸಿನ ಬೀಗ ಕಣ್ಣೆದುರಿಗೆ ಬಂತು.

ಅವರು ಪರದೆಗೆ ಮುಖ ಹತ್ತಿರ ತಂದು, ಇದ್ದೆರಡು ಸಾಲನ್ನು ತಮಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ ಬೆರಳಿಟ್ಟು ಓದಿದರು. "ಒಂದೊಂದು ಲಾರಿ ನೋಡು. ವಾಪಸ್ ಬಂದಿಲ್ಲಾಂದ್ರ... ಮುಂದ ಅದರ ನಂಬರ್ ಹೇಳು ಅಂತ ಬರೀಬೇಕು, ಹೌದಲ್ಲರಿ?"

ಹೌದೆಂದೆ.

"ಇದರಾಗ ಹೊಲ ಕಾಣ್ತೈತಿ. ಸೋಮವಾರ ನಮ್ಮವರನ್ನ ಕಳಸ್ತೀನಿ. ಅಷ್ಟರಾಗ ಅದನ್ನೊಂದು ನಿಂದರಸ್ರಿ."

ಅವರು ಹೋದ ಮೇಲೆ ಕೀಬೋರ್ಡು ಬೋರಲು ಹಾಕಿ ನೋಡಿದೆ. ಕಿಟಕಿಯಿಂದ ಬಂದು ಕೂತ ಅದಿರಿನ ಕೆಂಪು ಧೂಳು ಸ್ಪೇಸ್ ಬಾರಿನ ಸಂದಿಯಲ್ಲಿ ನೀರು ಕುಡಿದು ಗಾರೆಯಾಗಿತ್ತು. ಅಂದು ಕೆಟ್ಟದ್ದು ಆ ಒಂದು ಸ್ಪೇಸ್ ಬಾರ್ ಮಾತ್ರ. ಅದೂ, ಏನೂ ಕೆಡದಿರಲಿ ಎಂದು ನಾನು ಒಡೆದ ಕಾಯಿಯ ನೀರಿನಿಂದ.