ಓಯಿವಾ ಕೊಯ್ದ ಜಗಲಿ

ಓಯಿವಾ ತರ್ವಾಯ್ನೆನ್ ಇಪ್ಪತ್ತಾರು ವರ್ಷ ಮರ ಬೇಯಿಸಿದ. ನಮ್ಮೂರು ಹಾಪಾಸ್ಲಾಹ್ತಿಯ ಕಾರ್ಖಾನೆಯಲ್ಲಿ ಎರಡು ಉಕ್ಕಿನ ಗೂಡುಗಳಿದ್ದವು. ಪೈನ್ ಹಲಗೆಗಳನ್ನು ಒಳಗೆ ಪೇರಿಸಿ, ಬಾಗಿಲು ಬಿಗಿದು, ಹಬೆ ಬಿಟ್ಟು, ಇನ್ನೂರ ಹನ್ನೆರಡು ಡಿಗ್ರಿಯವರೆಗೆ ಕಾಯಿಸಿ, ಮತ್ತೆ ನಿಧಾನವಾಗಿ ತಣಿಸಿ ಹೊರಗೆ ತೆಗೆಯುವ ಹೊತ್ತಿಗೆ ಮೂರು ದಿನ ಕಳೆಯುತ್ತಿತ್ತು. ಒಳಗೆ ಹೋಗುವಾಗ ಬಿಳಿಚಿಕೊಂಡಿದ್ದ ಮರ ಹೊರಗೆ ಬರುವಾಗ ಬೆಲ್ಲದ ಬಣ್ಣಕ್ಕೆ ತಿರುಗಿರುತ್ತಿತ್ತು. ಸೀದ ಸಕ್ಕರೆಯಂಥ ಅದರ ವಾಸನೆ ಓಯಿವಾನ ಅಂಗಿಗೆ ಅಂಟಿಕೊಂಡು, ಒಗೆದರೂ ಹೋಗುತ್ತಿರಲಿಲ್ಲ. ಅವನ ಹೆಂಡತಿ ಕೆರ್ತು ಆ ಅಂಗಿಗೆಂದೇ ಮನೆಯ ಹೊರಗೋಡೆಗೆ ಒಂದು ಮೊಳೆ ಹೊಡೆದಿದ್ದಳು. ಮೈನಸ್ ಮೂವತ್ತರ ಚಳಿಯಲ್ಲೂ ಅಂಗಿಯ ಜಾಗ ಅಲ್ಲೇ.

ಅವನು ಸಿಟ್ಟಿನ ಮನುಷ್ಯ. ಆದರೆ ಆ ಸಿಟ್ಟು ಊರವರಿಗೆ ಕಾಣುವಂಥದ್ದಲ್ಲ. ಅದು ಬಹುಪಾಲು ಕಾಗದದ ಮೇಲೆ ತೀರುತ್ತಿತ್ತು. ಕಾರ್ಖಾನೆಯ ಮಾರಾಟ ವಿಭಾಗ ಅಚ್ಚು ಹಾಕಿಸಿದ ಹೊಳಪಿನ ಹಾಳೆಯಲ್ಲಿ, ಒಮ್ಮೆ ಹಾಕಿದರೆ ಜೀವಮಾನವಿಡೀ ಚಿಂತೆಯಿಲ್ಲ ಎಂದಿತ್ತು. ಓಯಿವಾ ಊಟದ ಕೋಣೆಯಲ್ಲಿ ಅದನ್ನು ಎಲ್ಲರೆದುರು ಓದಿ, ಯಾರ ಜೀವಮಾನ, ಸೊಳ್ಳೆಯದಾ ಎಂದು ಕೇಳಿ, ಹರಿದು ಒಲೆಗೆ ಹಾಕಿದ್ದ.

ಬೇಸಿಗೆಯಲ್ಲಿ ದಕ್ಷಿಣದ ಪಟ್ಟಣಗಳಿಂದ ಕೆರೆಮನೆಗಳಿಗೆ ಬರುವವರು ಅವನ ಅಂಗಳಕ್ಕೆ ಬಂದು, ಜಗಲಿಗೆ ಯಾವ ಹಲಗೆ ಕೊಳ್ಳಬೇಕು ಎಂದು ಕೇಳುತ್ತಿದ್ದರು. ಅವರಿಗೆ ಅವನು ಸ್ಪಷ್ಟವಾಗಿ ಹೇಳುತ್ತಿದ್ದ. ಹಲಗೆಯ ತುದಿ ಕತ್ತರಿಸಿ ನೋಡಿ. ಅಂಚು ಕಂದಾಗಿದ್ದು ನಡು ಬಿಳಿಯಿದ್ದರೆ ಅದು ಬೆಂದಿಲ್ಲ, ತಿರುಗಿಸಿ ಕೊಡಿ. ಗೋಡೆಗೆ ಹೊಡೆಯುವ ಮರ ಕಡಿಮೆ ಬೆಂದಿರುತ್ತದೆ, ಅದನ್ನು ಅಗ್ಗಕ್ಕೆ ಸಿಕ್ಕಿತೆಂದು ನೆಲಕ್ಕೆ ಹಾಕಬೇಡಿ. ತೂತು ಕೊರೆಯದೆ ಸ್ಕ್ರೂ ಇಳಿಸಿದರೆ ಸೀಳುತ್ತದೆ. ಬಣ್ಣ ಬೆರೆಸಿದ ಎಣ್ಣೆ ಹಚ್ಚದಿದ್ದರೆ ಎರಡೇ ಬೇಸಿಗೆಗೆ ಬೂದುಬಣ್ಣಕ್ಕೆ ತಿರುಗುತ್ತದೆ. ಆಗ ನನ್ನ ಮನೆಗೆ ಬರಬೇಡಿ. ಕೊನೆಗೆ, ಮಾತು ಮುಗಿಯಿತೆಂದು ಅವರು ಕಾರಿನ ಕಡೆ ತಿರುಗಿದಾಗ, ಬೆನ್ನ ಹಿಂದಿನಿಂದ ಕೂಗಿ ಹೇಳುತ್ತಿದ್ದ: "ಇದು ಮೇಲೆ ನಡೆಯೋಕೆ. ಹೊರೋಕಲ್ಲ. ಕೆಳಗಿನ ತೊಲೆಗೆ ಬೇರೆ ಮರ ಹಾಕ್ರಿ."

ಕಾರಣ ಇಷ್ಟೆ. ಬೆಂದ ಮರ ಕೊಳೆಯುವುದಿಲ್ಲ, ಆದರೆ ಅದರ ಬಲದಲ್ಲಿ ಮೂರರಲ್ಲೊಂದು ಪಾಲು ಗೂಡಿನಲ್ಲೇ ಹೋಗಿರುತ್ತದೆ. ಬೇಯಿಸದ ಮರ ಮುರಿಯುವ ಮೊದಲು ಬಾಗುತ್ತದೆ, ನರಳುತ್ತದೆ. ಬೆಂದದ್ದು ಬಿಸ್ಕತ್ತಿನ ಹಾಗೆ, ಹೇಳದೆ ಕೇಳದೆ ಮುರಿಯುತ್ತದೆ.

ದಕ್ಷಿಣದವರಿಗೆ ಅಷ್ಟು ನೇರ ಹೇಳುತ್ತಿದ್ದವನು ಊರವರಿಗೆ ಹಾಗೆ ಹೇಳುತ್ತಿರಲಿಲ್ಲ. ನಮ್ಮ ಸಾವೊ ಸೀಮೆಯಲ್ಲಿ ಯಾರೂ ಹೇಳುವುದಿಲ್ಲ. ನಾಳೆ ಮುಖ ನೋಡಬೇಕಾದವರಿಗೆ ಬೇಡ ಎಂದು ಹೇಳುವುದು ನಮ್ಮಲ್ಲಿ ಕದ ಒದ್ದ ಹಾಗೆ. ಆಗಬಹುದು, ಆಗದೇನೂ ಇರಬಹುದು ಎನ್ನುತ್ತೇವೆ. ಅರ್ಥ ಮಾಡಿಕೊಳ್ಳುವುದು ಕೇಳಿದವರ ಕೆಲಸ.

ಒಂದು ಫೆಬ್ರವರಿಯಲ್ಲಿ ಗ್ರಾಮ ಸಂಘದ ಸಭೆ ಸೇರಿತು. ಕೆರೆಯ ಈಜುದಡದಲ್ಲಿ ನೀರಿನ ಮೇಲೆ ಚಾಚಿದ್ದ ಹಳೆಯ ಮರದ ಜಗಲಿ ಕೊಳೆತು ಕುಸಿದಿತ್ತು. ಊರಿನ ಹದಿನಾಲ್ಕು ಹೆಂಗಸರು, ಎಲ್ಲ ಅರವತ್ತೈದು ದಾಟಿದವರು, ಬೇಸಿಗೆಯ ಪ್ರತಿ ಬೆಳಿಗ್ಗೆ ಅಲ್ಲಿಂದಲೇ ನೀರಿಗಿಳಿಯುತ್ತಿದ್ದರು. ಮೊದಲು ಸಾಲಾಗಿ ನಿಂತು ಕೈಕಾಲು ಕುಣಿಸಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಸಾಲಿನ ಮುಂದೆ ನಿಂತು ಎಣಿಕೆ ಹೇಳುತ್ತಿದ್ದವಳು ಕೆರ್ತು. ಜಗಲಿಯ ಮುಂದಿನ ಅಂಚಿನ ಕೆಳಗೆ ಒಂದಾಳು ಆಳದ ನೀರು, ತಳದಲ್ಲಿ ಬರೀ ಬಂಡೆ.

ಸಂಘದ ಅಧ್ಯಕ್ಷೆ ಮಾರ್ಕೆಟ್ಟಾ ರೂಸ್ಕಾನೆನ್, ನಿವೃತ್ತ ಶಾಲಾ ಶಿಕ್ಷಕಿ. ಕೊಳೆಯದಿರಲೆಂದು ಮದ್ದು ಕುಡಿಸಿದ, ಹಸಿರು ಬಣ್ಣದ ಮರ ನಮ್ಮ ಕೆರೆಯ ಹತ್ತಿರ ಸುಳಿಯಕೂಡದು ಎಂಬುದು ಅವರ ಹಟ. ಊರಿನದೇ ಬೇಯಿಸಿದ ಮರ ಇರುವಾಗ ವಿಷ ಯಾಕೆ ಎಂದರು. ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ಬಡಗಿ ಯೋರ್ಮಾ ವಾನ್‌ಸ್ಕಾ, ನೂರಹತ್ತು ಕಿಲೋ ತೂಗುವ ಆಳು, ಇನ್ನೊಂದು ಸುದ್ದಿ ತಂದ. ಯಾರದೋ ಮನೆಯ ಮುಖಕ್ಕೆ ಅಲಂಕಾರವಾಗಿ ಕೂರಿಸಲೆಂದು ಬೇಯಿಸಿದ ದಪ್ಪ ತೊಲೆಗಳು ಕಾರ್ಖಾನೆಯಲ್ಲಿ ಬೇಡವಾಗಿ ಉಳಿದಿವೆ, ಕೇಳಿದರೆ ಹಾಗೇ ಕೊಡುತ್ತಾರೆ. ಮೇಲೂ ಕೆಳಗೂ ಒಂದೇ ಮರ, ಒಂದೇ ಬಣ್ಣ.

ಎಲ್ಲರೂ ಓಯಿವಾನ ಕಡೆ ನೋಡಿದರು. ಅವನು ಕಾಫಿ ಲೋಟವನ್ನು ತಟ್ಟೆಯ ಮೇಲೆ ಎರಡು ಸುತ್ತು ತಿರುಗಿಸಿ ಹೇಳಿದ: "ಬೇಯ್ಸಿದ ತೊಲೆ ಹೊರ್ಬೋದು, ಹೊರ್ದೇನೂ ಇರ್ಬೋದು. ನಾನಾಗಿದ್ರೆ ಇನ್ನೊಂದ್ಸಲ ಯೋಚ್ನೆ ಮಾಡ್ತಿದ್ನೋ ಏನೋ."

ನಮ್ಮ ಸೀಮೆಯ ಅಳತೆಯಲ್ಲಿ ಅದು ಚೀರಾಟ. ಕೋಣೆಯಲ್ಲಿದ್ದ ಉಳಿದ ಹನ್ನೊಂದು ಮಂದಿಗೂ ಅದು ತಿಳಿಯಿತು. ಆದರೂ ಮಾರ್ಕೆಟ್ಟಾ, ಹಾಗಾದರೆ ಅಡ್ಡಿಯಿಲ್ಲ ಅಂತಾಯಿತು ಎಂದು ಮುಂದಿನ ವಿಷಯಕ್ಕೆ ಹೋದರು. ಓಯಿವಾ ಕಾಫಿ ಕುಡಿದು ಮುಗಿಸಿದ.

ಆ ಸಭೆಯ ಕಾರ್ಯದರ್ಶಿ ನಾನು. ನಮ್ಮ ಮನೆಯಲ್ಲಿ ಕಾಲೇಜು ಮುಗಿಸಿದವರಲ್ಲಿ ನಾನೇ ಮೊದಲಿಗನಾದ್ದರಿಂದ ಬರೆಯುವ ಕೆಲಸವೆಲ್ಲ ನನ್ನ ಪಾಲಿಗೆ ಬರುತ್ತಿತ್ತು. ನಡಾವಳಿಯಲ್ಲಿ ನಾನು ಬರೆದದ್ದು: "ತೊಲೆಗಳ ಬಗ್ಗೆ ಓ. ತರ್ವಾಯ್ನೆನ್ ಅವರನ್ನು ಕೇಳಲಾಯಿತು. ಅವರು ಆಕ್ಷೇಪಿಸಲಿಲ್ಲ." ಒಂದಕ್ಷರವೂ ಸುಳ್ಳಲ್ಲ. ಆದರೆ ಅವನು ಬೇಡ ಎಂದದ್ದೆಂದು ಬರೆಯುವಾಗ ನನಗೆ ಗೊತ್ತಿತ್ತು.

ಏಪ್ರಿಲ್‌ನಲ್ಲಿ ಓಯಿವಾನ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆಯಾಯಿತು. ಗಾಯದಲ್ಲಿ ಕೀವಾಗಿ, ಕುವೊಪಿಯೊ ಪಟ್ಟಣದ ಆಸ್ಪತ್ರೆಯಲ್ಲೇ ಒಂಬತ್ತು ವಾರ ಉಳಿಯಬೇಕಾಯಿತು. ಮೇ ತಿಂಗಳಲ್ಲಿ ಮಂಜುಗಡ್ಡೆ ಕರಗಿದ ಕೂಡಲೇ ಊರವರೆಲ್ಲ ಸೇರಿ, ಕೂಲಿಯಿಲ್ಲದೆ, ಆರು ಶನಿವಾರಗಳಲ್ಲಿ ಜಗಲಿ ಕಟ್ಟಿದೆವು. ಹೆಂಗಸರು ರೈ ಹಿಟ್ಟಿನ ರೊಟ್ಟಿಯೊಳಗೆ ಮೀನು ತುಂಬಿ ಬೇಯಿಸಿ ತಂದರು. ಚೆನ್ನಾಗಿತ್ತು ಆ ಜಗಲಿ. ಜೂನ್ ಕೊನೆಗೆ ಬರುವ ನಡುಬೇಸಿಗೆಯ ಯುಹಾನ್ನುಸ್ ಹಬ್ಬದ ಸಂಜೆ ಇಡೀ ಊರು ಅದರ ಮೇಲೆ ನಿಂತು ಹಾಡುವುದೆಂದು ತೀರ್ಮಾನವಾಯಿತು. ತೊಂಬತ್ತು ಜನ.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಓಯಿವಾ ಎರಡು ಊರುಗೋಲಿನ ಮೇಲೆ ಊರಿಗೆ ಬಂದ. ಕೆರ್ತು ಅವನನ್ನು ನೇರ ದಡಕ್ಕೇ ಕರೆದೊಯ್ದಳು. ಅವನು ಮೇಲೆ ಹತ್ತಲಿಲ್ಲ. ಪಕ್ಕದ ಇಳಿಜಾರಿನಲ್ಲಿ ಕುಳಿತು ಜಾರುತ್ತಾ ಜಾರುತ್ತಾ ಕೆಳಗಿಳಿದು, ಊರುಗೋಲಿನ ತುದಿಯಿಂದ ಒಂದು ತೊಲೆಯನ್ನು ತಟ್ಟಿದ. ಇನ್ನೊಂದನ್ನು ತಟ್ಟಿದ. ಉಗುರಿನಿಂದ ಕೆರೆದು ಮೂಸಿದ. ಆಮೇಲೆ ಅವನ ಬಾಯಿಂದ ಬಂದದ್ದು ಮೂವತ್ತೆಂಟು ವರ್ಷದ ಸಂಸಾರದಲ್ಲಿ ತಾನು ಕೇಳಿರದ ಮಾತುಗಳು ಎಂದು ಕೆರ್ತು ಹೇಳಿದಳು. ಯಾವುವೆಂದು ಮಾತ್ರ ಹೇಳಲಿಲ್ಲ.

ಅವನು ಮೊದಲು ಯೋರ್ಮಾನ ಮನೆಗೆ ಹೋದ. ಯೋರ್ಮಾ ಸೌನಾಕ್ಕೆ ಸೌದೆ ಒಡೆಯುತ್ತಿದ್ದವನು ಕೊಡಲಿ ಕೆಳಗಿಡದೆಯೇ ಕೇಳಿದನಂತೆ:

"ನಿನ್ನ ಕೇಳೇ ಹಾಕಿದ್ದಲ್ವೇನಯ್ಯಾ?"

"ನಾನು ಹೂಂ ಅಂದ್ನಾ?"

"ಬೇಡ ಅಂದ್ಯಾ?"

ಓಯಿವಾ ಊರುಗೋಲು ತಿರುಗಿಸಿ ಹೊರಟ. ಅಲ್ಲಿಂದ ನನ್ನ ಮನೆಗೆ ಬಂದ. ಕೂರು ಎಂದರೂ ಕೂರಲಿಲ್ಲ. ನಡಾವಳಿ ಪುಸ್ತಕ ತೆಗೆಸಿ, ಕನ್ನಡಕವನ್ನು ಹಣೆಗೇರಿಸಿ, ಆ ಎರಡು ಸಾಲುಗಳನ್ನು ಓದಿದ. ಊರುಗೋಲು ನನ್ನ ಅಡಿಗೆಮನೆಯ ನೆಲವನ್ನು ಕುಟ್ಟುತ್ತಿತ್ತು.

"ನಿಂಗೆ ಅರ್ಥ ಆಗಿತ್ತಾ ಇಲ್ವಾ?"

ಆಗಿತ್ತು ಎಂದೆ.

"ಮತ್ತೆ?"

ನೀನು ಹೇಳಿದ್ದನ್ನಷ್ಟೇ ಬರೆಯಬಹುದಿತ್ತು, ನೀನು ಹೇಳಲಿಲ್ಲವಲ್ಲ ಎಂದೆ. ನನಗೂ ಸಿಟ್ಟು ಬಂದಿತ್ತು. ಇಪ್ಪತ್ತಾರು ವರ್ಷ ಗೂಡಿನ ಮುಂದೆ ನಿಂತವನು ಒಂದು ಸಲ ಬಾಯಿಬಿಟ್ಟು ಬೇಡ ಎಂದಿದ್ದರೆ ಆರು ಶನಿವಾರ ಉಳಿಯುತ್ತಿತ್ತು. ಹಾಗೆಂದು ಹೇಳಿಯೂಬಿಟ್ಟೆ.

ಅವನು ಪುಸ್ತಕ ಮುಚ್ಚಿದ. "ನೀವು ಹನ್ನೊಂದು ಜನ ಕಿವುಡರ ಥರ ಆಡಿದ್ರಿ. ನಾನೊಬ್ಬ ಮೂಗನ ಥರ ಆಡ್ದೆ. ಕೆರ್ತು ಹೋಗಿ ಅದ್ರ ಮೇಲೆ ಕುಣೀತಾಳೆ."

ಮರುದಿನ ಮಾರ್ಕೆಟ್ಟಾ ಅವರಿಗೆ ಫೋನ್ ಮಾಡಿದ. ಅವರು ಸೌಮ್ಯವಾಗಿಯೇ ಮಾತಾಡಿದರು. ತೊಲೆಗಳು ದಪ್ಪಗಿವೆ, ಯೋರ್ಮಾ ಅನುಭವಸ್ಥ, ಹಬ್ಬ ಮುಗಿಯಲಿ, ಶರತ್ಕಾಲದಲ್ಲಿ ಬೇಕಾದರೆ ಯಾರಿಗಾದರೂ ತೋರಿಸೋಣ. ಹಾಗೂ ಆಗಬಹುದು ಎಂದು ಓಯಿವಾ ಫೋನ್ ಇಟ್ಟನಂತೆ. ಇಟ್ಟ ಮೇಲೆ ತನ್ನ ಬಾಯಿಂದ ಬಂದ ಮಾತು ಕೇಳಿಸಿಕೊಂಡು, ಫೋನನ್ನೇ ಗೋಡೆಗೆ ಎಸೆದನಂತೆ. ಇದೂ ಕೆರ್ತು ಹೇಳಿದ್ದು.

ಹಬ್ಬದ ಹಿಂದಿನ ಸಂಜೆ ನಾವೆಲ್ಲ ದಡದಲ್ಲಿದ್ದೆವು. ಜಗಲಿಯ ಎರಡು ಬದಿಗೆ ಎಳೆ ಬರ್ಚ್ ಮರ ಕಟ್ಟುತ್ತಿದ್ದೆವು, ಬಾವುಟ ಏರಿಸಿದ್ದೆವು. ಆ ದಿನಗಳಲ್ಲಿ ನಮ್ಮಲ್ಲಿ ಕತ್ತಲಾಗುವುದಿಲ್ಲ, ಸೂರ್ಯ ಇನ್ನೂ ಮೇಲೇ ಇದ್ದ. ಓಯಿವಾ ಬಂದವನು ಉಳಿಕೆಯ ತೊಲೆ ತುಂಡೊಂದನ್ನು ತೋರಿಸಿ, ಎರಡು ಕಲ್ಲುಗಳ ಮೇಲಿಡಿ ಎಂದ. ಯೋರ್ಮಾನನ್ನು ಅದರ ನಡುವೆ ನಿಲ್ಲಲು ಹೇಳಿದ. ಯೋರ್ಮಾ ನಿಂತ. ಕುಣಿ ಎಂದ. ಯೋರ್ಮಾ ನೂರಹತ್ತು ಕಿಲೋ ಎತ್ತಿ ಎತ್ತಿ ಹಾಕಿದ.

ತೊಲೆ ಮುರಿಯಲಿಲ್ಲ.

ಜನ ನಕ್ಕರು. ಕೆಟ್ಟ ನಗುವಲ್ಲ, ಹಗುರಾದ ನಗು. ಯೋರ್ಮಾ ಕೆಳಗಿಳಿದು, ಹೆಗಲು ತಟ್ಟಿ, "ಆಸ್ಪತ್ರೇಲಿ ಸೂಜಿ ಜಾಸ್ತಿ ಚುಚ್ಚಿದ್ರೇನಪ್ಪಾ, ಬಾ ಕಾಫಿ ಕುಡಿ" ಎಂದ. ಓಯಿವಾನ ಕಿವಿ ಕೆಂಪಾಯಿತು. ಈಗ ಅವನು ಏನಾದರೂ ಅರ್ಧಂಬರ್ಧ ಹೇಳಿ ಸುಮ್ಮನಾಗುತ್ತಾನೆ ಎಂದು ನಾನು ಅಂದುಕೊಂಡೆ.

"ಇದು ಹೊರಲ್ಲ," ಎಂದ. "ಒಬ್ಬನ್ನ ಹೊರುತ್ತೆ, ಇವತ್ತು ಹೊರುತ್ತೆ. ತೊಂಬತ್ತು ಜನ ಒಂದು ಬದೀಗೆ ಬಂದ್ರೆ ಮುರಿಯುತ್ತೆ. ಎಲ್ಲಿ ಗಂಟಿದ್ಯೋ ಅಲ್ಲಿ ಮುರಿಯುತ್ತೆ. ಬೇಡ ಅಂತ ಹೇಳ್ತಿದೀನಿ. ಬೇಡ."

ಯಾರೂ ಅವನ ಮುಖ ನೋಡಲಿಲ್ಲ. ಮಾರ್ಕೆಟ್ಟಾ ನೋವಾದವರಂತೆ ಕೆರೆಯ ಕಡೆ ತಿರುಗಿ, ನಾಳೆ ಮಾತಾಡೋಣವೇ ಓಯಿವಾ ಎಂದರು.

ಅವನು ಯೋರ್ಮಾನ ಪೆಟ್ಟಿಗೆಯಿಂದ ಕೈಗರಗಸ ತೆಗೆದುಕೊಂಡ. ಇಳಿಜಾರಿನಲ್ಲಿ ಮತ್ತೆ ಕುಳಿತು ಜಾರಿ ಜಗಲಿಯ ಕೆಳಗೆ ಹೋಗಿ, ದಡದ ಬದಿಯ ಮೊದಲ ತೊಲೆಯನ್ನು ಕೊಯ್ಯತೊಡಗಿದ. ಹೊಸ ಕೀಲಿನ ಕಾಲು ಚಾಚಿಕೊಂಡು, ಒಂದು ಕೈಯಲ್ಲಿ. ಒಂದೊಂದು ತೊಲೆಗೆ ಹತ್ತು ನಿಮಿಷ ಹಿಡಿಯಿತು. ಮೇಲೆ ದಡದಲ್ಲಿ ಮೂವತ್ತು ಜನ ನಿಂತಿದ್ದರು, ಯಾರೂ ನಿಲ್ಲಿಸು ಎನ್ನಲಿಲ್ಲ. ಗರಗಸ ಕಿತ್ತುಕೊಳ್ಳಲು ಒಬ್ಬರೂ ಕೆಳಗಿಳಿಯಲಿಲ್ಲ. ಯೋರ್ಮಾ ಬರ್ಚ್ ಕೊಂಬೆಗೆ ದಾರ ಸುತ್ತುತ್ತಲೇ ಇದ್ದ. ಸೀದ ಸಕ್ಕರೆಯ ವಾಸನೆ ಮೇಲಕ್ಕೆ ಬಂತು. ನಾಲ್ಕು ತೊಲೆ ಕೊಯ್ದ ಮೇಲೆ ಅವನ ಕೈ ಸೋತಿತು. ಐದನೆಯದಕ್ಕೆ ಕೆರ್ತು ಇಳಿದು ಹೋಗಿ ಗರಗಸ ತೆಗೆದುಕೊಂಡಳು.

ಇನ್ನು ಅದರ ಮೇಲೆ ಯಾರೂ ನಿಲ್ಲುವಂತಿರಲಿಲ್ಲ.

ಆ ವರ್ಷ ನಾವು ಹುಲ್ಲಿನ ಮೇಲೆ ನಿಂತು ಹಾಡಿದೆವು. ಕಿತ್ತ ತೊಲೆಗಳನ್ನು ಯುಹಾನ್ನುಸ್‌ನ ಬೆಂಕಿಗೆ ಹಾಕಿದೆವು. ಅಂಟು ಮೊದಲೇ ಬಸಿದುಹೋದ ಮರ ಅದು. ಕಿಡಿಯಿಲ್ಲದೆ, ಸದ್ದಿಲ್ಲದೆ ಉರಿಯಿತು. ಒಳಗೆ ಬಿರುಕಿತ್ತೋ ಇಲ್ಲವೋ ಎಂದು ಯಾರೂ ನೋಡಲಿಲ್ಲ. ಓಯಿವಾ ಬಂದಿರಲಿಲ್ಲ. ಯಾರೂ ಕರೆದಿರಲಿಲ್ಲ.

ಜುಲೈ ಸಭೆಗೆ ಬಂದ. ಮಾರ್ಕೆಟ್ಟಾ ಅರ್ಧ ಗಂಟೆ ಏನೇನೋ ಮಾತಾಡಿ, ಕೊನೆಗೆ ಕೆಳಗಿನ ತೊಲೆಗೆ ಹಸಿರು ಮರವೇ ಆಗಬಹುದೇನೋ ಎಂದರು. ನಾನು ಬರೆಯಲು ಪೆನ್ನು ಎತ್ತಿದೆ. ಓಯಿವಾ ಮೇಜಿನ ಆಚೆಯಿಂದ ಬಗ್ಗಿ, ನನ್ನ ಪುಸ್ತಕದ ಮೇಲೆ ಬೆರಳಿಟ್ಟ.

"ಮೊದ್ಲು ಫೆಬ್ರವರಿದು ಸರಿಮಾಡು. ಕೇಳಲಾಯಿತು. ಹೇಳಬೇಕಾದ್ದನ್ನ ಹೇಳಲಿಲ್ಲ. ಹಾಗೆ ಬರಿ. ನನ್ನ ಹೆಸ್ರು ಪೂರ್ತಿ ಬರಿ. ಕೆಳಗೆ ಕೇಳಿದೋರ ಹೆಸರೂ ಬರಿ, ಹನ್ನೊಂದೂ."

ಬರೆದೆ. ಹನ್ನೊಂದನೆಯದು ನನ್ನದು.

ಆಗಸ್ಟ್‌ನಲ್ಲಿ ಜಗಲಿ ಮುಗಿಯಿತು. ಮೇಲೆ ಬೆಲ್ಲದ ಬಣ್ಣ, ಕೆಳಗೆ ಹಸಿರು. ಯೋರ್ಮಾ ಅವನೊಂದಿಗೆ ಇಂದಿಗೂ ಹವಾಮಾನದ ಹೊರತು ಬೇರೇನೂ ಮಾತಾಡುವುದಿಲ್ಲ. ಮೊದಲ ಬೆಳಿಗ್ಗೆ ಹದಿನಾಲ್ಕು ಹೆಂಗಸರು ಸಾಲಾಗಿ ನಿಂತು ಕುಣಿದರು, ಕೆರ್ತು ಎಣಿಕೆ ಹೇಳಿದಳು. ಓಯಿವಾ ಕೆಳಗೆ ದಡದ ಬದಿಯ ಬಂಡೆಗಳ ನಡುವೆ ಮೊಣಕಾಲುದ್ದದ ನೀರಿನಲ್ಲಿ ನಿಂತು, ಊರುಗೋಲನ್ನು ಒಂದು ತೊಲೆಗೆ ಒತ್ತಿ ಹಿಡಿದು, ತಲೆಯ ಮೇಲಿನ ಆ ಹೆಜ್ಜೆಗಳನ್ನು ಹುಬ್ಬು ಗಂಟಿಕ್ಕಿಕೊಂಡು ಕೊನೆಯವರೆಗೂ ಕೇಳಿದ.